ಗೋಲಿನಲ್ಲಿ ನಿಂತು ಕೂಗುವ ನಮ್ಮ ಅಕ್ಕ

ನಮ್ಮ ಅಕ್ಕನಿಗಿಂತ ದೊಡ್ಡ ಪುಕ್ಕಲಿಯನ್ನು ಯಾರಾದರೂ ತೋರಿಸಿದರೆ, ಹಾಸ್ಟೆಲಿನಲ್ಲಿ ನನ್ನ ಪಾಲಿಗೆ ಬರುವ ಭಾನುವಾರದ ಕೋಳಿಸಾರನ್ನು ಅವರಿಗೇ ಬಿಟ್ಟುಕೊಡುತ್ತೇನೆ! ಅಕ್ಕ ಎಂದರೆ ಸಂಪಾಜೆಯ ದೊಡ್ಡಮ್ಮನ ಮಗಳು. ಪೊನ್ನಂಪೇಟೆಯ ಹಾಸ್ಟೆಲಿನಲ್ಲಿ ನಮ್ಮಿಬ್ಬರದೂ ಒಂದೇ ಕೋಣೆ. ತಾರೀಖು ಹಾಕಿ ಡೈರಿ ಬರೆಯುವುದು, ಎಲ್ಲದಕ್ಕೂ ಗೀಟೆಳೆದು ಲೆಕ್ಕ ಇಡುವುದು ನನ್ನ ಚಾಳಿ. ಅವಳು ಹೆದರಿದಾಗಲೆಲ್ಲ ಒಂದು ಗೀಟು ಎಂದು ಜೂನಿನಲ್ಲಿ ಶುರು ಮಾಡಿದೆ. ಜಿಗಣೆಗೆ ಒಂದು, ವಾರ್ಡನ್ನರ ಬೆಕ್ಕಿಗೆ ಒಂದು, ಕರೆಂಟು ಹೋದದ್ದಕ್ಕೆ ಒಂದು, ಬಂದದ್ದಕ್ಕೆ ಇನ್ನೊಂದು! ಜುಲೈಗೆ ಪುಟ ಸಾಲದೆ ಕೈಬಿಟ್ಟೆ. ಇಂಥವಳು ನಮ್ಮ ಕಾಲೇಜಿನ ಹಾಕಿ ತಂಡದಲ್ಲಿ ಏನಾಗಿದ್ದಾಳೆ ಗೊತ್ತೆ? ಗೋಲ್‌ಕೀಪರ್!

ಪ್ಯಾಡು, ಹೆಲ್ಮೆಟ್ಟು ತುಂಬಿದ ಅವಳ ಚೀಲ ಅವಳಿಗಿಂತ ದಪ್ಪ. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ತಡೆದ.

“ಅದರೊಳಗೆ ಎಂತ ಉಂಟು?”

“ನನ್ನ ಧೈರ್ಯ ಅಣ್ಣಾ.”

ಅವನು ಅವಳ ಮುಖವನ್ನೊಮ್ಮೆ ನೋಡಿ, “ಹಾಗಾದ್ರೆ ಹಾಫ್ ಟಿಕೆಟ್ ಸಾಕು” ಎಂದ.

ಹಿಂದೆ ನಿಂತವರಿಗೆ ಇಡೀ ಮೈದಾನ ಕಾಣುವುದರಿಂದ, ನಮ್ಮಂಥ ಡಿಫೆಂಡರುಗಳಿಗೆ ಕೂಗಿ ಹೇಳುವುದು ಕೀಪರಿನ ಕೆಲಸ. ಅಕ್ಕನ ಕೂಗಿಗೆ ಚೆಂಡೇ ಬೇಕಿಲ್ಲ! ಆಟ ಆ ತುದಿಯಲ್ಲಿದ್ದರೂ ಈ ತುದಿಯಲ್ಲಿ ಇವಳದು ನಿಲ್ಲದು. “ಎಡಕ್ಕೆ ಬಾ! ಹಿಂದೆ ನೋಡು! ನಾಯಿ ಬಂತು, ಅದನ್ನೂ ತಡೀರಿ! ಏ, ಕೋಣೆಗೆ ಬೀಗ ಹಾಕಿದ್ಯೇನೇ?” ನಮ್ಮ ಕೋಚ್, ನಿವೃತ್ತ ಸುಬೇದಾರರು, ಹಿಗ್ಗುತ್ತಿದ್ದರು. “ಧೈರ್ಯ ಅಂದ್ರೆ ಅದು! ನೀವೂ ಇದ್ದೀರಿ, ಬಾಯಿ ತುಂಬ ಅವಲಕ್ಕಿ ಇಟ್ಕೊಂಡವರ ಹಾಗೆ.”

ಪಂದ್ಯದ ಬೆಳಿಗ್ಗೆ ಮಾತ್ರ ಅವಳಿಗೆ ತಪ್ಪದೆ ವಾಂತಿ. ದೊಡ್ಡಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: “ಪಿತ್ತ! ಹಾಸ್ಟೆಲಿನ ಸಾಂಬಾರು!” ಸಂಪಾಜೆಯಿಂದ ಶುಂಠಿ ಕಷಾಯ ಬಂತು. ಕೋಚ್ ನಿಂಬೆಹಣ್ಣಿನ ಪಾನಕ ತಂದರು. ಅಕ್ಕ ಎರಡನ್ನೂ ಕುಡಿದು, ಎರಡನ್ನೂ ಕಕ್ಕಿ, ಮೈದಾನಕ್ಕಿಳಿದು ಎಂದಿನಂತೆ ಕೂಗಿದಳು. ಕೀರ್ತಿ ಕಷಾಯಕ್ಕೆ ಹೋಯಿತು!

ಸೆಮಿಫೈನಲ್ಲಿನ ಕೊನೆಯ ಹೊತ್ತಿಗೆ ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಕೀಪರಿನ ಜೊತೆ ನಾವು ನಾಲ್ವರು ಮುಖವಾಡ ಹಾಕಿ ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಚೆಂಡು ಹೊರಟೊಡನೆ ಅದಕ್ಕೆದುರಾಗಿ ಓಡುವವಳು ನಾನು. ಕಲ್ಲಿನಂಥ ಚೆಂಡು ಬಡಿಯುವುದು ಮೊಣಕಾಲಿಗೋ ಹಲ್ಲಿಗೋ, ಹೊಡೆಯುವವಳಿಗೂ ಗೊತ್ತಿರುವುದಿಲ್ಲ. ಆಗೆಲ್ಲ ಅಕ್ಕ, “ಓಡು ಓಡು, ನಿನ್ನ ಮೂಗು ಹೇಗಿದ್ರೂ ಸೊಟ್ಟ!” ಎಂದು ಕೂಗುತ್ತಿದ್ದಳು. ಅಂದು ಕೂಗಲಿಲ್ಲ.

“ಅಕ್ಕಾ, ಎಂತಾದ್ರೂ ಹೇಳು!”

ಹೆಲ್ಮೆಟ್ಟಿನ ಸರಳುಗಳ ಹಿಂದೆ ಬಾಯಿ ತೆರೆದಿತ್ತು, ದನಿಯಿಲ್ಲ. ನನ್ನ ಕಾಲು ನೆಲಕ್ಕೆ ಅಂಟಿತು. ಚೆಂಡು ಇಬ್ಬರನ್ನೂ ದಾಟಿ ಗೋಲಿನ ಹಲಗೆಗೆ ಬಡಿಯಿತು.

ಸೋತೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳು ಪ್ಯಾಡು ಕೂಡ ಬಿಚ್ಚದೆ ಗೋಡೆಗೊರಗಿ ಕೂತಿದ್ದಳು. “ಬಾಯಿ ಮುಚ್ಚಿದ್ರೆ ಎದೆ ಬಡಿಯೋದು ಕೇಳ್ತದೆ ಮಾರಾಯ್ತಿ. ಸತ್ತೇ ಹೋಗ್ತೇನೆ ಅನಿಸ್ತದೆ. ಅದಕ್ಕೇ ಕೂಗೋದು. ಇವತ್ತು ಕೂಗೂ ಬರ್ಲಿಲ್ಲ. ನಾಳೆ ಮನೆಗೆ ಹೋಗ್ತೇನೆ. ಹಾಕಿಯೂ ಬೇಡ, ಕಾಲೇಜೂ ಬೇಡ.”

ಸಂಪಾಜೆಗೆ ಹೋಗಲು ಮಡಿಕೇರಿ ದಾಟಲೇಬೇಕಲ್ಲ! ಜೊತೆಗೆ ಹೊರಟ ನಾನು ಅಲ್ಲೇ ಅವಳನ್ನು ಇಳಿಸಿ ಮನೋವೈದ್ಯರ ಬಳಿ ಕರೆದೊಯ್ದೆ.

“ಪಿತ್ತ ಅಲ್ವಾ ಡಾಕ್ಟ್ರೇ?” ಅಕ್ಕ ಆಸೆಯಿಂದ ಕೇಳಿದಳು.

“ಅಲ್ಲಮ್ಮ, ಹೆದರಿಕೆ. ಇದಕ್ಕೂ ಚಿಕಿತ್ಸೆ ಉಂಟು. ಕೂಗಿ ಅದನ್ನು ಮುಚ್ಚಬೇಡ. ಬಂದಾಗ ಬಂತು ಅಂತ ಹತ್ತಿರದವರಿಗೆ ಹೇಳು.”

ಫೋನಿನಲ್ಲಿ ದೊಡ್ಡಮ್ಮ ಸಿಡಿದರು. “ಹೆದರಿಕೆಗೂ ಡಾಕ್ಟ್ರಾ? ಹಾಗಾದ್ರೆ ನಿನ್ನ ದೊಡ್ಡಪ್ಪನನ್ನೂ ಕರ್ಕೊಂಡು ಹೋಗು. ತೋಟಕ್ಕೆ ಆನೆ ಬಂದ ದಿನ ಮಂಚದ ಕೆಳಗೆ ಹೋದವರು ಕಾಫಿಯನ್ನೂ ಅಲ್ಲೇ ಕುಡಿದ್ರು!” ಆಮೇಲೆ ಮೆಲ್ಲಗೆ, “ಅವಳನ್ನು ಒಬ್ಬಳನ್ನೇ ಬಿಡಬೇಡ” ಎಂದರು.

ತಿಂಗಳುಗಟ್ಟಲೆ ಮಡಿಕೇರಿಗೆ ಓಡಾಡಿದೆವು. ಅಕ್ಕ ಕಾಲೇಜು ಬಿಡಲಿಲ್ಲ. ಮರುವರ್ಷದ ಮೊದಲ ಪಂದ್ಯಕ್ಕೆ ಗೋಲಿನಲ್ಲಿ ನಿಂತಳು. ನಮ್ಮ ಅದೃಷ್ಟಕ್ಕೆ ಅಂದೂ ಪೆನಾಲ್ಟಿ ಕಾರ್ನರ್! ಗೆರೆಯ ಹಿಂದೆ ಬಗ್ಗಿ ನಿಂತೆವು. ಅಕ್ಕ ಸುಮ್ಮನಿದ್ದಳು. ಈ ಸಲವೂ ದನಿ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಮೈದಾನಕ್ಕೆಲ್ಲ ಕೇಳುವಂತೆ ಅವಳ ದನಿ ಬಂತು:

“ನಂಗೆ ಹೆದರಿಕೆ ಆಗ್ತಾ ಉಂಟು!”

ಚೆಂಡು ತಳ್ಳಬೇಕಾದ ಎದುರಾಳಿ ತಬ್ಬಿಬ್ಬಾಗಿ ತಲೆಯೆತ್ತಿದಳು.

“ನಂಗೂ!” ಎಂದೆ.

“ನಂಗೂ ಕಣೇ!” ಎಂದರು ಉಳಿದವರು.

ಮೈದಾನದ ಹೊರಗಿನಿಂದ ಸುಬೇದಾರರು ಗುಡುಗಿದರು: “ನಂಗೂ ಆಗ್ತದೆ! ಮೊದ್ಲು ಚೆಂಡು ನೋಡಿ!”

ಅಕ್ಕನ ದಪ್ಪ ಗ್ಲೌಸಿನ ಕೈ ನನ್ನ ಬೆನ್ನನ್ನು ಒಮ್ಮೆ ಮುಟ್ಟಿತು. ಚೆಂಡು ಹೊರಟಿತು. ನಾನು ಓಡಿದೆ.