ಷಡಕ್ಷರಯ್ಯನವರ ನಿಂಬೆಹಣ್ಣಿನ ದಿಗ್ವಿಜಯ

ಓ ಸೀಸಫಲಕಗರ್ಭೆಯೇ, ಆಮ್ಲೋದಕಪಾನತೃಪ್ತೆಯೇ, ಕರಿಯ ಪೆಟ್ಟಿಗೆಯೊಳಗೆ ಆರು ಕೋಣೆಗಳ ಅಂತಃಪುರ ಕಟ್ಟಿಕೊಂಡು ಹನ್ನೆರಡು ವೋಲ್ಟುಗಳ ಗಾಂಭೀರ್ಯದಿಂದ ಬಾನೆಟ್ಟಿನ ಕತ್ತಲಲ್ಲಿ ಕುಳಿತಿರುವ ಬ್ಯಾಟರಿದೇವಿಯೇ, ಏಳು, ನನ್ನ ನಾಲಿಗೆಗೆ ಕಿಡಿ ಕೊಡು. ಏಳೆಂದರೆ ಏಳುವವಳಲ್ಲ ನೀನು, ಈ ಕಥೆ ಹುಟ್ಟಿದ್ದೇ ಅದರಿಂದ. ಆದ್ದರಿಂದ ಮಲಗಿದ್ದಲ್ಲೇ ಒಂದು ಮಗ್ಗುಲು ಬದಲಿಸಿ ಕೇಳಿದರೂ ಸಾಕು.

ಅದು ಎಂಥ ಯುಗವೆಂದರೆ, ಮನುಷ್ಯರು ರಥಗಳನ್ನು ಕೊಂಡು, ಅವಕ್ಕೆ ಹೊದಿಕೆ ಹೊದಿಸಿ, ತಾವು ಆಟೋದಲ್ಲಿ ಓಡಾಡುತ್ತಿದ್ದ ಯುಗ. ಆ ಯುಗದಲ್ಲಿ, ಜಂಬೂದ್ವೀಪಕ್ಕೆ ತಿಲಕಪ್ರಾಯವಾದ ಅರಸೀಕೆರೆಯಲ್ಲಿ, ಆ ತಿಲಕದ ನಟ್ಟನಡುವಿನ ಒಂದು ಅಡ್ಡರಸ್ತೆಯಲ್ಲಿ, ತಾಲ್ಲೂಕು ಕಚೇರಿಯ ನಿವೃತ್ತ ಶಿರಸ್ತೇದಾರರೂ, ಅರ್ಜಿಶರವರ್ಷಘನಮೇಘರೂ, ಪೆಟ್ರೋಲ್‌ಬಿಂದುಸಂರಕ್ಷಣಧುರಂಧರರೂ ಆದ ಷಡಕ್ಷರಯ್ಯನವರು ವಾಸಿಸುತ್ತಿದ್ದರು. ಅವರ ಮನೆಯ ಪೋರ್ಟಿಕೊದಲ್ಲಿ ಕ್ಷೀರಸಾಗರದ ಒಂದು ಹೆಪ್ಪಿನಂಥ ಬಿಳಿಯ ಕಾರು ನಿಂತಿತ್ತು. ನಿಂತಿತ್ತು ಎಂಬುದು ಅಲಂಕಾರವಲ್ಲ. ಒಂಬತ್ತು ವರ್ಷಗಳಲ್ಲಿ ಅದು ಚಕ್ರದ ಮೇಲೆ ಹೋದದ್ದಕ್ಕಿಂತ ಭೂಮಿಯ ತಿರುಗುವಿಕೆಯಿಂದಾಗಿ ಹೋದದ್ದೇ ಹೆಚ್ಚು.

ಆದರೂ ರಥಧರ್ಮದಲ್ಲಿ ಷಡಕ್ಷರಯ್ಯನವರು ತಪ್ಪಿದವರಲ್ಲ. ಪ್ರತಿ ಸೋಮವಾರ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಹೊದಿಕೆಯನ್ನು ಒಂದು ಬಾಗಿಲಿನಷ್ಟು ಸರಿಸಿ ಒಳಗೆ ಕೂರುವರು, ಕೀಲಿ ತಿರುಗಿಸುವರು, ಅರವತ್ತು ಎಣಿಸುವರು, ಐವತ್ತೆಂಟಕ್ಕೇ ಪೆಟ್ರೋಲಿನ ನೆನಪಾಗಿ ಆರಿಸುವರು. ಬ್ಯಾಟರಿಗೆ ಇದು ವಾರದ ಊಟವೆಂದು ಅವರ ನಂಬಿಕೆ. ನಿಜವಾಗಿ ಅದು, ಹಸಿದವನನ್ನು ಎಬ್ಬಿಸಿ, ಮರ ಕಡಿಸಿ, ಎಲೆ ಹಾಸಿ, ಉಪ್ಪು ಬಡಿಸಿ ಎಲೆ ಎತ್ತಿದ ಹಾಗಿತ್ತು.

ಇನ್ನು ಈ ವೀರರ ಧರ್ಮಪತ್ನಿ ಸರ್ವಮಂಗಳಮ್ಮನವರನ್ನು ಹೇಗೆ ವರ್ಣಿಸಲಿ? ರವಿಕೆಶಿಲ್ಪಕಲಾನಿಧಿ, ಕಾಜಾಗುಂಡಿಕೋವಿದೆ, ಲಂಗದಂಚಿನ ರಾಣಿ. ಅರ್ಧ ಊರಿನ ಮದುವಣಗಿತ್ತಿಯರು ಅವರ ಕೈದಾರದಲ್ಲೇ ಧಾರೆಗೆ ನಿಂತವರು. ಇಂಥ ಕಲಾನಿಧಿಯ ಹೊಲಿಗೆ ಮಿಷನ್ನು ಇದ್ದದ್ದು ಮಾತ್ರ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟು ನಡೆಯಲ್ಲಿ, ಅಂಗೈಯಗಲದ ಒಂದು ಗವಾಕ್ಷಿಯ ಕೆಳಗೆ. ಹೋದ ವಾರ ಕಪ್ಪು ರವಿಕೆಗೆ ಕಪ್ಪು ದಾರದ ಹೊಲಿಗೆ ಹಾಕುವಾಗ ಕಣ್ಣು ಸೋತು, ಎಡದ ತೋಳನ್ನು ಬಲಕ್ಕೆ ಸೇರಿಸಿಬಿಟ್ಟಿದ್ದರು. ಆ ರವಿಕೆಯನ್ನು ಬಿಚ್ಚುತ್ತ ಕೂತ ರಾತ್ರಿಯೇ ಆಕೆಯ ಮನಸ್ಸಿನಲ್ಲಿ ಯುದ್ಧ ಘೋಷಣೆಯಾಯಿತು. ಮನೆಗೆ ಬರುವ ಬೆಳಗಿನ ಬಿಸಿಲೆಲ್ಲ ಮೊದಲು ಬೀಳುತ್ತಿದ್ದದ್ದು ಪೋರ್ಟಿಕೊದಲ್ಲಿ. ಅದನ್ನು ಕುಡಿಯುತ್ತಿದ್ದದ್ದು ಒಂದು ಹೊದಿಕೆ.

ಆಯುಧಪೂಜೆಯ ಹಿಂದಿನ ದಿನ, ಹೂವು ಕಟ್ಟುತ್ತ, ತಲೆಯೆತ್ತದೆ ಆಕೆ ಪಣವೊಡ್ಡಿದರು.

"ನಾಳೆ ನಿಂಬೆಹಣ್ಣು ಇಟ್ಟ ಮೇಲೆ ನಿಮ್ಮ ಕಾರು ತಾನಾಗೇ ಅದ್ರ ಮೇಲೆ ಹೋದ್ರೆ ಪೋರ್ಟಿಕೊ ಅದಕ್ಕೇ ಇರ್ಲಿ. ನಾನು ಇನ್ನು ಬಾಯಿ ಬಿಡಲ್ಲ. ತಳ್ಳೋದು ಗಿಳ್ಳೋದು ಲೆಕ್ಕಕ್ಕಿಲ್ಲ. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಕದಲ್ಲಿಲ್ಲ ಅಂದ್ರೆ ಅದನ್ನ ಮಾರಿ, ನನ್ ಮಿಷನ್ ಹೊರಗೆ ಬರ್ಲಿ."

ಈ ಮಾತು ಕಿವಿಗೆ ಬಿದ್ದೊಡನೆ ಶಿರಸ್ತೇದಾರಕುಲಸಿಂಹರು ಘರ್ಜಿಸಿದರು. ವೀರಭಾಷೆಯಲ್ಲಿ ಹೇಳುವುದಾದರೆ ಆ ಘರ್ಜನೆ ಹೀಗಿತ್ತು: "ಎಲೌ ಸೂಚೀಧಾರಿಣಿ, ಯಾವ ರಥದ ನಿನಾದಕ್ಕೆ ಅಷ್ಟದಿಗ್ಗಜಗಳು ಕಿವಿ ಮುಚ್ಚಿಕೊಳ್ಳುವವೋ, ಯಾವುದನ್ನು ನಾನು ಸೋಮವಾರ ಸೋಮವಾರವೂ ಎಚ್ಚರಿಸಿ ಪೋಷಿಸಿರುವೆನೋ, ಅದು ನಾಲ್ಕು ನಿಂಬೆಹಣ್ಣುಗಳಿಗೆ ಹಿಮ್ಮೆಟ್ಟುವುದೇ?" ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, "ಏ ಹೋಗೆ, ವಾರವಾರ ಸ್ಟಾರ್ಟ್ ಮಾಡಿಲ್ವಾ ನಾನು" ಎಂದರು.

ಪೂರ್ವದಿಗಂಗನೆ ಮುಖ ತೊಳೆಯುವ ಮೊದಲೇ ಷಡಕ್ಷರಯ್ಯನವರು ಕಾರಿನ ಮುಖ ತೊಳೆದಿದ್ದರು. ಬಾನೆಟ್ಟಿನ ಮೇಲೆ ಮೂರು ಬೆರಳ ವಿಭೂತಿ, ಕನ್ನಡಿಗಳಿಗೆ ಬಾಳೆಕಂದು, ಮೂತಿಗೆ ಐದು ಮಾರು ಸೇವಂತಿಗೆ. ಇಡೀ ಬೀದಿಗೆ ಭಕ್ತಿ ಹಂಚಬೇಕೆಂದು ನಾಲ್ಕೂ ಬಾಗಿಲು ತೆರೆದಿಟ್ಟು, ಐದು ಗಂಟೆಯಿಂದ ಕಾರಿನ ಸ್ಟೀರಿಯೋದಲ್ಲಿ ದೇವರ ಹಾಡು ಹಚ್ಚಿದರು. ಒಳಗಿನ ಪುಟ್ಟ ದೀಪವೂ ನಂದಾದೀಪದಂತೆ ಉರಿಯುತ್ತಿತ್ತು. ಅದನ್ನು ಕಂಡು ಅವರಿಗೆ ಧನ್ಯತೆಯಾಯಿತೇ ಹೊರತು ಸಂಶಯವಾಗಲಿಲ್ಲ.

ಅತ್ತ ನಡೆಯ ಕತ್ತಲಲ್ಲಿ ಸರ್ವಮಂಗಳಮ್ಮನವರು ತಮ್ಮ ಮಿಷನ್ನಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಒಂದು ಗುಲಾಬಿ ಇಟ್ಟು, ಕೈಮುಗಿದರು. ವರ್ಷವೆಲ್ಲ ದುಡಿದು ಅಂದು ಒಂದು ದಿನ ವಿಶ್ರಮಿಸುವ ಆಯುಧ ಒಳಗೆ. ವರ್ಷವೆಲ್ಲ ವಿಶ್ರಮಿಸಿ ಅಂದು ಒಂದು ದಿನ ದುಡಿಯಬೇಕಾದ ಆಯುಧ ಹೊರಗೆ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬೂದುಗುಂಬಳ ಒಡೆಯಿತು. ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣುಗಳು ಪ್ರಾಣದ ಹಂಗು ತೊರೆದು ಕುಳಿತವು. ಬೀದಿಗೆ ಬೀದಿಯೇ ಗೇಟಿನ ಬಳಿ ನೆರೆಯಿತು. ಷಡಕ್ಷರಯ್ಯನವರು ಪಂಚೆಯ ಅಂಚು ಹಿಡಿದು ರಥಾರೂಢರಾಗಿ, ಬೀದಿಯತ್ತ ಒಮ್ಮೆ, ಹೆಂಡತಿಯತ್ತ ಎರಡು ಸಲ ನೋಡಿ, ಕೀಲಿಯನ್ನು ತಿರುಗಿಸಿದರು.

ಆಗ ಹುಟ್ಟಿದ ಧ್ವನಿಯನ್ನು ಏನೆಂದು ಬಣ್ಣಿಸಲಿ? ಸಿಡಿಲೆನ್ನಲೇ, ಸಮುದ್ರಘೋಷವೆನ್ನಲೇ? ಅದು 'ಟಕ್' ಎಂದಿತು.

ಮತ್ತೆ ತಿರುಗಿಸಿದರು. ಮತ್ತೆ 'ಟಕ್', ಈ ಸಲ ಇನ್ನೂ ಸಣ್ಣಗೆ, ನಿದ್ದೆಗಣ್ಣಿನಲ್ಲಿ ಯಾರೋ ಲೊಚಗುಟ್ಟಿದ ಹಾಗೆ. ಸ್ಟೀರಿಯೋದ ಗಾಯಕರು ಭಕ್ತಿಯ ಉತ್ತುಂಗದಲ್ಲೇ ಉಸಿರು ಬಿಟ್ಟರು. ನಂದಾದೀಪ ನಂದಿತು.

"ತಳ್ಳಣ ಬನ್ರೋ" ಎಂದು ಗುಂಪಿನಲ್ಲಿ ಯಾರೋ ತೋಳೇರಿಸಿದರು.

"ತಳ್ಳಂಗಿಲ್ಲ" ಎಂದರು ಸರ್ವಮಂಗಳಮ್ಮ. ಏರಿದ ತೋಳು ಇಳಿಯಿತು.

ಷಡಕ್ಷರಯ್ಯನವರು ಬಾನೆಟ್ಟು ಎತ್ತಿದರು. ಬ್ಯಾಟರಿಯ ತಲೆ ಒರೆಸಿದರು, ಊದಿದರು, ಕುಂಕುಮ ಇಟ್ಟರು, ಕಡೆಗೆ ಕಚೇರಿಯ ಜವಾನನನ್ನು ಗದರುವಂತೆ ಒಮ್ಮೆ ಗದರಿದರು. ಗಂಟೆ ಹನ್ನೊಂದು ಕಾಲು. ಆ ಬೀದಿಯಲ್ಲಿ ಈ ರೋಗಕ್ಕೆ ಮದ್ದು ಇದ್ದದ್ದು ಒಬ್ಬನ ಬಳಿ ಮಾತ್ರ, ಮತ್ತು ಆ ಒಬ್ಬನ ಜೊತೆ ಅವರು ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಅವನೇ ಪಕ್ಕದ ಮನೆಯ ಮರುಳಪ್ಪ. ಟ್ರ್ಯಾಕ್ಟರಿಗೆ ಟ್ಯಾಂಕರು ಕಟ್ಟಿ ಊರಿಗೆ ನೀರು ಹೊಡೆಯುವ ಜಲಾಧಿಪತಿ. ಅವನ ಟ್ಯಾಂಕರಿನ ನಲ್ಲಿ ಸದಾ ಸೋರುವುದು. ಸೋರಿದ್ದು ಷಡಕ್ಷರಯ್ಯನವರ ಗೇಟಿನ ಮುಂದೆ ಕೆಸರಾಗುವುದು. ಅದಕ್ಕೆ ಅವರು ನಗರಸಭೆಗೆ ಏಳು ಅರ್ಜಿಗಳ ಬಾಣ ಬಿಟ್ಟಿದ್ದರು. ಯಾವುದೂ ನಾಟದಿರಲು, ಪೋರ್ಟಿಕೊವನ್ನೇ ಮೂರಡಿ ಎತ್ತರಿಸಿ, ಕೆಸರು ಏರಲಾರದಂಥ ಕಡಿದಾದ ಇಳಿಜಾರು ಕಟ್ಟಿಸಿಕೊಂಡಿದ್ದರು. ಈ ಇಳಿಜಾರನ್ನು ಕೇಳುಗರು ನೆನಪಿನಲ್ಲಿಡಬೇಕು.

ಮರುಳಪ್ಪ ಕಾಂಪೌಂಡಿನ ಆಚೆ ಸಿಂಗರಿಸಿದ ಟ್ರ್ಯಾಕ್ಟರಿನ ಮೇಲೆ ಮಂಡಕ್ಕಿ ಮೆಲ್ಲುತ್ತ ಕೂತಿದ್ದ.

"ಏನ್ ಸಾರ್, ಗಾಡಿ ಮಲಗ್ಬುಡ್ತಾ?"

"ಮಲಗಿಲ್ಲ. ಯೋಚ್ನೆ ಮಾಡ್ತಾ ಐತೆ." ಷಡಕ್ಷರಯ್ಯನವರು ಆಕಾಶ ನೋಡಿದರು, ಕೆಸರು ನೋಡಿದರು. "ನಿನ್ನತ್ರ ಅದೇನೋ ವೈರ್ ಐತಂತಲ್ಲ, ಬ್ಯಾಟರಿಯಿಂದ ಬ್ಯಾಟರಿಗೆ ಹಾಕೋದು."

"ಐತೆ."

"ಕೊಡೋಕಾಗುತ್ತಾ?"

ಮರುಳಪ್ಪ ಬಾಯಲ್ಲಿದ್ದ ಮಂಡಕ್ಕಿಯನ್ನು ನಿಧಾನವಾಗಿ ಮುಗಿಸಿದ. "ಒಂದ್ ಅರ್ಜಿ ಕೊಡಿ ಸಾರ್. ಪರಿಶೀಲ್ಸಿ ತಿಳಿಸ್ತೀನಿ."

ಹಾ, ಎಂಥ ಅಸ್ತ್ರ! ಮೂವತ್ತೊಂದು ವರ್ಷ ತಾವೇ ಸಾವಿರಾರು ಜನರ ಮೇಲೆ ಬಿಟ್ಟಿದ್ದ ಅಸ್ತ್ರ ತಿರುಗಿ ಬಂದು ಎದೆಗೆ ನೆಟ್ಟಾಗ ಷಡಕ್ಷರಯ್ಯನವರು ಕಾಂಪೌಂಡ್ ಹಿಡಿದುಕೊಂಡರು. ಇನ್ನು ಅರ್ಧ ಗಂಟೆ. ಹೊದಿಕೆಯಿಲ್ಲದೆ ಬಿಸಿಲಲ್ಲಿ ನಿಂತ ಕಾರು ಅವರ ಕಣ್ಣಿಗೆ ಬಡವಾಗಿ ಕಂಡಿತು. ಕೆಲಸದಿಂದ ಬಿಡುಗಡೆಯಾದ ಮೇಲೆ, ತಮ್ಮ ಕೈ ತಿರುವಿದ್ದಕ್ಕೆ ಹೂಂಗುಟ್ಟುತ್ತಿದ್ದ ವಸ್ತು ಅದೊಂದೇ. ಮಾರಿದರೆ ಸೋಮವಾರ ಬೆಳಿಗ್ಗೆ ತಾವು ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಮೆಟ್ಟಿಲ ಮೇಲೆ ನಿಂತಿದ್ದ ಸರ್ವಮಂಗಳಮ್ಮ ಇದೆಲ್ಲವನ್ನೂ ನೋಡುತ್ತಿದ್ದರು. ಸುಮ್ಮನೆ ನಿಂತರೆ ಸಾಕಿತ್ತು. ಅರ್ಧ ಗಂಟೆಯಲ್ಲಿ ಬೆಳಕಿನ ಸಾಮ್ರಾಜ್ಯ ಅವರದು. ಗಂಡನ ಬೆನ್ನು ನೋಡಿದರು. ನಿಟ್ಟುಸಿರು ಬಿಟ್ಟರು. ಆಮೇಲೆ ದನಿಯೆತ್ತಿದರು.

"ಮರುಳಪ್ಪ, ಹಣ್ಣಿಟ್ಟು ಪೂಜೆ ಮಾಡಿದ್ ಗಾಡಿ ಹಂಗೇ ನಿಲ್ಲಬಾರ್ದು ಕಣಪ್ಪ. ತಗಂಬಾ ಆ ವೈರು."

"ಅಕ್ಕ, ಅದು ಕದಲಿದ್ರೆ ಪೋರ್ಟಿಕೊ ಹೋಯ್ತು ನಿಮ್ದು. ಇಡೀ ಬೀದಿಗೆ ಗೊತ್ತು."

"ಹೋದ್ರೆ ಹೋಗ್ಲಿ ಬಾ. ಕತ್ಲಲ್ಲಿ ಹೊಲ್ದು ಅಭ್ಯಾಸ ಐತೆ ನಂಗೆ."

ತನ್ನ ಮಗಳ ಲಂಗ ರವಿಕೆಗಳನ್ನೆಲ್ಲ ಹೊಲಿದುಕೊಟ್ಟ ಅಕ್ಕನ ಮಾತು. ಮರುಳಪ್ಪ ಮಂಡಕ್ಕಿ ಕೊಡವಿಕೊಂಡು ಎದ್ದ. ಟ್ಯಾಂಕರು ಕಳಚಿ, ಭೂಮಿ ನಡುಗಿಸುತ್ತ ಟ್ರ್ಯಾಕ್ಟರನ್ನು ತಂದು ಗೇಟಿನ ಕಂಬದ ಪಕ್ಕ ನಿಲ್ಲಿಸಿದ. ಕೆಂಪು ಸರ್ಪವೊಂದು, ಕಪ್ಪು ಸರ್ಪವೊಂದು, ಒಂದೊಂದಕ್ಕೂ ಎರಡೆರಡು ಬಾಯಿ. ಕೆಂಪು ಸರ್ಪ ಎರಡೂ ಬ್ಯಾಟರಿಗಳ ಕೂಡುಗುರುತಿನ ಪ್ಲಸ್ ತುದಿಯನ್ನು ಕಚ್ಚಿತು. ಕಪ್ಪು ಸರ್ಪದ ಒಂದು ಬಾಯಿ ಟ್ರ್ಯಾಕ್ಟರಿನ ಬ್ಯಾಟರಿಯನ್ನು, ಇನ್ನೊಂದು ಕಾರಿನ ಎಂಜಿನ್ನಿನ ಬರಿಯ ಬೋಲ್ಟೊಂದನ್ನು. ಟ್ರ್ಯಾಕ್ಟರು ಗುಡುಗುತ್ತ ತನ್ನ ಪ್ರಾಣದ ಪಾಲನ್ನು ಎರೆಯತೊಡಗಿತು.

"ವಾರವಾರ ಸ್ಟಾರ್ಟ್ ಮಾಡಿದೀನಪ್ಪ" ಎಂದರು ಷಡಕ್ಷರಯ್ಯ, ದೂರಿನ ದನಿಯಲ್ಲಿ.

"ಅದಕ್ಕೇ ಸಾರ್ ಸತ್ತಿರೋದು. ಒಂದ್ ಸಲ ಸ್ಟಾರ್ಟ್ ಆಗಕ್ಕೆ ತಿನ್ನೋ ಕರೆಂಟು ಒಂದ್ ನಿಮಿಷದಲ್ಲಿ ವಾಪಸ್ ತುಂಬ್ತದಾ? ಮೇಲೆ ಬೆಳಗ್ಗಿಂದ ಹಾಡು ಬೇರೆ. ಈಗ ಕೇಳಿ. ಸ್ಟಾರ್ಟ್ ಆದ್ಮೇಲೆ ಅರ್ಧ ಗಂಟೆ ಆಫ್ ಮಾಡಂಗಿಲ್ಲ. ಹಂಗೇ ಬಾಣಾವರದ ಕಡೆ ಒಂದ್ ರೌಂಡ್ ಹೋಗಿ ಬನ್ನಿ. ಆಫ್ ಮಾಡಿದ್ರೋ, ಮತ್ತೆ ಮಲಗ್ತದೆ."

ಷಡಕ್ಷರಯ್ಯನವರು ತಲೆಯಾಡಿಸಿದರು. ಅದು ಮೂವತ್ತೊಂದು ವರ್ಷ ಅರ್ಜಿದಾರರ ಮಾತಿಗೆ ಆಡಿದ ತಲೆ. ಆಡುವುದು ಅದಕ್ಕೆ ಗೊತ್ತು, ಕೇಳುವುದು ಗೊತ್ತಿಲ್ಲ.

ಹನ್ನೊಂದು ಐವತ್ತಕ್ಕೆ ಕೀಲಿ ತಿರುಗಿತು. ಕಾರು ಕೆಮ್ಮಿತು, ಸೀನಿತು, ಆಮೇಲೆ ಘರ್ ಎಂದು ಎಚ್ಚೆತ್ತಿತು. ಕುಲಪರ್ವತಗಳು ಅದುರಿದವು, ತಂತಿಯ ಮೇಲಿನ ಕಾಗೆ ಹಾರಿತು. ಅದುರಿದ್ದನ್ನು ಕಾಗೆ ಬಿಟ್ಟರೆ ಬೇರೆ ಯಾರೂ ಗಮನಿಸಲಿಲ್ಲ, ಅಷ್ಟೆ. ಮರುಳಪ್ಪ ಸರ್ಪಗಳನ್ನು ಸುತ್ತಿಕೊಂಡು, "ಛತ್ರದಲ್ಲಿ ನೀರಿಗೆ ಕಾಯ್ತಾವ್ರೆ" ಎಂದು ಟ್ಯಾಂಕರು ಕಟ್ಟಿಕೊಂಡು ಹೊರಟೇಹೋದ.

ಶ್ವೇತರಥ ಇಳಿಜಾರಿನಲ್ಲಿ ಇಳಿಯಿತು. ಮುಂದಿನ ಎರಡು ನಿಂಬೆಹಣ್ಣುಗಳು ವೀರಮರಣವನ್ನಪ್ಪಿದವು. ಹಿಂದಿನ ಎಡದ್ದು ಅಪ್ಪಚ್ಚಿಯಾಯಿತು. ಹಿಂದಿನ ಬಲದ್ದು ಹೇಡಿ; ಪಕ್ಕಕ್ಕೆ ಜಿಗಿದು ಚರಂಡಿಯ ಪಾಲಾಯಿತು. ಕಾರು ಬೀದಿಗಿಳಿದು ನಿಂತಿತು. ಬೀದಿ ಚಪ್ಪಾಳೆ ತಟ್ಟಿತು. ಸರ್ವಮಂಗಳಮ್ಮ ಒಳಗೆ ತಿರುಗಿದರು.

ವಿಜಯಿಗಳಾದ ಷಡಕ್ಷರಯ್ಯನವರು ಸುಮ್ಮನೆ ಬಾಣಾವರದ ದಾರಿ ಹಿಡಿದಿದ್ದರೆ ಈ ಕಾವ್ಯ ಇಲ್ಲಿಗೆ ಮಂಗಳವಾಗುತ್ತಿತ್ತು. ಆದರೆ ಗೆದ್ದ ವೀರ ಮಾತಾಡದೆ ಹೋದ ಉದಾಹರಣೆ ನಮ್ಮ ಯಾವ ಕಾವ್ಯದಲ್ಲೂ ಇಲ್ಲ. ಷಡಕ್ಷರಯ್ಯನವರು ಕಾರಿನಿಂದಿಳಿದು ಬಾಗಿಲ ಮೇಲೆ ಕೈಯಿಟ್ಟು, "ಕೇಳ್ರಪ್ಪ" ಎಂದರು. ಎಂಜಿನ್ನಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. "ಏನಂತೆ?" ಎಂದಿತು ಹಿಂದಿನ ಸಾಲು. ವಿಜಯಭಾಷಣಕ್ಕೆ ಅಡ್ಡಿ, ಮೇಲೆ ಪೆಟ್ರೋಲೂ ಸುಮ್ಮನೆ ಉರಿಯುತ್ತಿದೆ. ಒಂಬತ್ತು ವರ್ಷಗಳ ಅಭ್ಯಾಸದ ಕೈ ತಾನಾಗಿ ಒಳಗೆ ಹೋಗಿ ಕೀಲಿ ತಿರುಗಿಸಿ ಆರಿಸಿತು.

ಬೀದಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅವರ ದನಿ ದುಂದುಭಿಯಂತೆ ಮೊಳಗಿತು. "ಕೇಳ್ರಪ್ಪ, ಒಂಬತ್ ವರ್ಷ ಈ ಗಾಡಿ ನೋಡಿ ನಕ್ಕಿದೀರಿ. ಶೋಕೇಸ್ ಅಂದ್ರಿ. ಕೋಳಿಗೂಡು ಮಾಡಿ ಅಂದ್ರಿ. ಈಗ ಏನಂತೀರಿ? ವಸ್ತು ಇಟ್ಕಳಾದು ಗೊತ್ತಿರ್ಬೇಕು. ಈ ಷಡಕ್ಷರಯ್ಯ ಕೈ ಹಾಕಿದ್ರೆ ಕಲ್ಲೂ ಸ್ಟಾರ್ಟ್ ಆಗ್ತದೆ."

ಮತ್ತೆ ಚಪ್ಪಾಳೆ. ಅವರು ಗಂಭೀರವಾಗಿ ಒಳಗೆ ಕೂತು ಕೀಲಿ ತಿರುಗಿಸಿದರು.

'ಟಕ್.'

ಮರುಳಪ್ಪನೂ ಇಲ್ಲ, ಸರ್ಪಗಳೂ ಇಲ್ಲ. ಗೆಲುವು ಆಗಲೇ ಬಂದಿದ್ದರಿಂದ ಈಗ ತಳ್ಳುವುದಕ್ಕೆ ಧರ್ಮದ ಅಡ್ಡಿಯೂ ಇರಲಿಲ್ಲ. ಎಂಟು ಮಂದಿ ಹೆಗಲು ಕೊಟ್ಟರು. ಕೆಸರು ಏರದಿರಲೆಂದು ಕಟ್ಟಿಸಿದ ಇಳಿಜಾರನ್ನು ಕಾರೂ ಏರಲಿಲ್ಲ. ಅರ್ಧ ಹತ್ತಿ, ಎಂಟು ಮಂದಿಯನ್ನೂ ಹಿಂದಕ್ಕೆ ನಡೆಸಿಕೊಂಡು ಬಂತು. ಕಡೆಗೆ ಸಮನೆಲದಲ್ಲಿ ತಳ್ಳಿಕೊಂಡು ಹೋಗಿ, ರಸ್ತೆಯಾಚೆಯ ಹೊಂಗೆಮರದ ಕೆಳಗೆ ನಿಲ್ಲಿಸಿದರು. ಅಷ್ಟೊತ್ತಿಗೆ ರಾಹುಕಾಲವೂ ಬಂತು.

"ಮರುಳಪ್ಪ ಬಂದ್ಮೇಲೆ ಒಳಗೆ ಹಾಕ್ತೀನಿ" ಎಂದರು ಷಡಕ್ಷರಯ್ಯ. "ಗೆದ್ದಿದ್ದು ಗೆದ್ದಿದ್ದೇ."

"ಹಾಕಿ, ಯಾರ್ ಬೇಡ ಅಂದ್ರು" ಎಂದರು ಸರ್ವಮಂಗಳಮ್ಮ. "ಅಲ್ಲೀವರ್ಗೂ ಜಾಗ ಸುಮ್ನೆ ಖಾಲಿ ಯಾಕಿರ್ಬೇಕು."

ಮರುದಿನ ಬೆಳಿಗ್ಗೆ ಮರುಳಪ್ಪ ಸರ್ಪಗಳನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ಬಂದು ನಿಂತ. ಪೋರ್ಟಿಕೊದ ತುಂಬ ಬಿಸಿಲು. ಕಾರಿನ ಹೊದಿಕೆಯನ್ನು ಎರಡು ಕಂಬಗಳ ನಡುವೆ ಬಿಸಿಲಮರೆಯಾಗಿ ಕಟ್ಟಲಾಗಿತ್ತು. ಅದರಡಿಯಲ್ಲಿ ಮಿಷನ್ನು, ಮಿಷನ್ನಿನ ಮೇಲೆ ನಿನ್ನೆಯ ಗುಲಾಬಿ, ಮಿಷನ್ನಿನ ಮುಂದೆ ಬಿಚ್ಚಿದ ಕಪ್ಪು ರವಿಕೆಯ ಎರಡು ತೋಳುಗಳನ್ನು ಬೆಳಕಿಗೆ ಹಿಡಿದು ಎಡ ಯಾವುದು ಬಲ ಯಾವುದು ಎಂದು ಸಲೀಸಾಗಿ ನೋಡುತ್ತಿದ್ದ ಸರ್ವಮಂಗಳಮ್ಮ. ಪಕ್ಕದ ಕುರ್ಚಿಯಲ್ಲಿ ಅರ್ಜಿಶರವರ್ಷಘನಮೇಘರು, ಚತುರ್ನಿಂಬೆಮರ್ದನರು, ಅಲ್ಲ, ನಿಜ ಹೇಳುವುದಾದರೆ ತ್ರಿನಿಂಬೆಮರ್ದನರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ಎಂಜಲು ಹಚ್ಚಿದ ಕಪ್ಪು ದಾರ ಹಿಡಿದು ಕೂತಿದ್ದರು.

"ಸಾರ್, ಗಾಡಿ ಒಳಗ್ ಹಾಕನಾ?"

ಷಡಕ್ಷರಯ್ಯನವರು ತಲೆಯೆತ್ತಲಿಲ್ಲ. "ಇರಪ್ಪ ಒಂದ್ನಿಮಿಷ" ಎಂದರು. "ಈಗ ತಾನೇ ದಾರ ಹೋಗ್ತಾ ಐತೆ."