ಕಾಕಾನ ನಕಾಶೆ, ನನ್ನ ಹೊಟ್ಟಿಕಿಚ್ಚು

ನಮ್ಮೂರಾಗ ವಿಮಾನ ಇಳಿಯೂದಿಲ್ಲ, ಏರೂದಿಲ್ಲ. ಹಂತಾ ಊರಾಗ ವಿಮಾನದ ಸಲುವಾಗಿ ಒಬ್ಬ ಭೂಗೋಳದ ಮಾಸ್ತರನ ಮಾರಿ ಸಣ್ಣದಾಗತೈತಿ ಅಂದ್ರ ನಂಬ್ತೀರೇನು? ಒಮ್ಮೆ ಅಲ್ರಿ, ಮ್ಯಾಲಿಂದ ಮ್ಯಾಲೆ ಆಗೇತಿ. ಎಂಬತ್ತರ ದಶಕದಾಗ ಸುರು ಆದದ್ದು ತೊಂಬತ್ತರಾಗೂ ನಿಲ್ಲಲಿಲ್ಲ.

ನಾನು ರಾಯಬಾಗ ತಾಲೂಕಿನ ಒಂದು ಹೈಸ್ಕೂಲಿನಾಗ ಭೂಗೋಳ ಕಲಿಸ್ತಿದ್ದೆ. ನಕಾಶೆ ಅಂದ್ರ ನಾನು, ನಾನು ಅಂದ್ರ ನಕಾಶೆ. ಹೊಲದ ಬದುವಿನ ಜಗಳ ಬಂದ್ರೂ "ಮಾಸ್ತರನ್ನ ಕರೀರಿ, ಅವರಿಗೆ ನಕಾಶೆ ತಿಳೀತೈತಿ" ಅಂತಿದ್ರು. ಅಷ್ಟರಾಗ ವಾಯುಸೇನಾದ ನಕಾಶೆ ಖೋಲ್ಯಾಗ ಕೆಲಸ ಮಾಡಿದ್ದ ಒಬ್ಬರು ರಿಟೈರ್ ಆಗಿ ಊರಿಗೆ ಬಂದ್ರು. ಊರೆಲ್ಲಾ ಅವರಿಗೆ ಏರ್‌ಫೋರ್ಸ್ ಕಾಕಾ ಅನ್ನಾಕ ಹತ್ತಿತು. ಅವತ್ತಿನಿಂದ ನನ್ನನ್ನ ಯಾರೂ ಕರೀಲಿಲ್ಲ. ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ಸುಳ್ಳು ಯಾಕ ಹೇಳಲಿ?

ಊರಿಲ್ಲದ ನಕಾಶೆ

ಪೈಲಟ್‌ಗಳು ಮುಂದ ಹಿಡಕೊಂಡು ವಿಮಾನ ಹಾರಸ್ತಾರಲ್ಲ, ಅಂತಾ ಹಳೇ ನಕಾಶೆ ಒಂದನ್ನ ಕಾಕಾ ತಂದಿದ್ರು. ರದ್ದು ಅಂತ ಅದರ ಮ್ಯಾಲೆ ಶಿಕ್ಕಾ ಬಡಿದಿದ್ರು. ಪಂಚಾಯತಿ ಕಟ್ಟಿ ಮ್ಯಾಲೆ ಅದನ್ನ ಹಾಸಿದ ದಿನ ಸಂತಿ ಕೂಡಿದಂಗ ಮಂದಿ ಕೂಡಿತು. ನಾನೂ ಹೋದೆ. ನೋಡಾಕಲ್ಲ, ತಪ್ಪು ಹುಡುಕಾಕ.

ಸಿಕ್ಕೇ ಬಿಟ್ಟಿತು. "ಕಾಕಾ, ಇದರಾಗ ನಮ್ಮೂರ ಇಲ್ಲಲ್ರಿ!" ಅಂತ ಎಲ್ಲರಿಗೂ ಕೇಳೂಹಂಗ ಅಂದೆ.

"ಮ್ಯಾಲಿಂದ ಪೈಲಟ್‌ಗೆ ಬೇಕಾದದ್ದಷ್ಟ ಇದರಾಗ ಇರತೈತಿ ಮಾಸ್ತರ," ಅಂದ್ರು ಕಾಕಾ. "ಕೃಷ್ಣಾ ನದಿ ಐತಿ, ಮಿರಜ್ ರೈಲಿನ ಹಳಿ ಐತಿ. ಸಕ್ಕರಿ ಫ್ಯಾಕ್ಟರಿ ಚಿಮಣಿ ಐತಿ, ಅದಕ್ಕ ಬಡಕೋಬಾರದಂತ ಎತ್ತರಾನೂ ಬರದಾರ."

ಮಂಗಸೂಳಿಯಿಂದ ಬಂದಿದ್ದ ಬೀಗರೊಬ್ಬರಿಗೆ ಸಿಟ್ಟು ಬಂತು. "ಹೊಗಿ ಕೊಳವಿ ಐತಿ, ನಮ್ಮ ಮಲ್ಲಯ್ಯನ ಗುಡಿ ಇಲ್ಲ! ಇದೆಂಥಾ ನಕಾಶೆರಿ?"

ಸಿಕ್ಕಿಬಿದ್ದರು ಕಾಕಾ, ಅಂತ ಒಳಗೊಳಗ ಕುಣದಾಡಿದೆ. ಆದ್ರ ಕಾಕಾ ಶಾಂತ ಇದ್ರು. "ಭಯ ಇದ್ದದ್ದನ್ನ ಬರೀತಾರ್ರಿ. ನಿಮ್ಮ ದೇವರಿಂದ ವಿಮಾನಕ್ಕ ಏನ್ ಭಯ?" ಅಂದ್ರು. ಬೀಗರು ಕೈ ಮುಗದು ಕುಂತ್ರು. ನನ್ನ ಕುಣಿತ ಅಲ್ಲಿಗೆ ಬಂದ್ ಆತು.

ಆಗ ನಮ್ಮ ಸಾಲಿ ಕಮಿಟಿ ಚೇರ್ಮನ್ನರು, ಕಬ್ಬಿನ ದೊಡ್ಡ ಜಮೀನುದಾರರು, ಎದ್ದು ನಿಂತ್ರು. "ಹಂಗಾದ್ರ ನಾವೂ ಚಿಮಣಿಯಷ್ಟ ಎತ್ತರದ್ದು ಏನರ ಒಂದು ಕಟ್ಟೂಣು. ಯಾವನರ ಬಂದು ಬಡಕೊಂಡ್ರೂ ಅಡ್ಡಿ ಇಲ್ಲ, ನಕಾಶೆದಾಗ ನಮ್ಮೂರು ಬರಬೇಕು!"

ಮಾಳಗಿ ಮ್ಯಾಲಿನ ಹೆಸರು

ಕಾಕಾನ ಹಿಂದ ಹಾಕಾಕ ನಾನು ಚಿಕ್ಕೋಡಿ ಲೈಬ್ರರಿಗೆ ಎಂಟು ದಿನ ಎಡತಾಕಿದೆ. ಬಂದು ಸಾಲ್ಯಾಗ ಕಾಕಾ, ಚೇರ್ಮನ್ನರ ಮುಂದ ಭಾಷಣ ಹೊಡದೆ.

"ಮೊದಮೊದಲು ಪೈಲಟ್‌ಗಳಿಗೆ ನಕಾಶೇನ ಇರಲಿಲ್ಲ. ರಸ್ತೆ ನಕಾಶೆ ತೊಡಿ ಮ್ಯಾಲೆ ಇಟಕೊಂಡು ರೈಲಿನ ಹಳಿಗುಂಟ ಹಾರತಿದ್ರು. ದಾರಿ ತಪ್ಪಿದ್ರ ಕೆಳಗ ಬಂದು ಸ್ಟೇಶನ್ ಬೋರ್ಡ್ ಓದತಿದ್ರು. ಟಪಾಲು ವಿಮಾನಕ್ಕ ದಾರಿ ಕಾಣಲಿ ಅಂತ ಬೆಂಕಿ ಹಚ್ಚಿ ಇಡತಿದ್ರು. ಕೆಲವು ದೇಶದಾಗ ಕಟ್ಟಡದ ಮಾಳಗಿ, ತಾರಸಿ ಮ್ಯಾಲೆ ಊರ ಹೆಸರನ್ನ ದೊಡ್ಡದಾಗಿ ಬರೀತಿದ್ರು. ದಾರಿ ತೋರಸೂ ರೇಡಿಯೋ ಬೀಕನ್ ಬಂದದ್ದು ಆಮ್ಯಾಲೆ. ಅದು ಹಗಲೂ ರಾತ್ರಿ ತನ್ನ ಹೆಸರೊಂದನ್ನ ಹೇಳಕೋತ ಇರತೈತಿ."

ಕಡೀ ಮಾತನ್ನ ಕಾಕಾನ ಕಡೆ ನೋಡಿ ಹೇಳಿದೆ. ಅವರಿಗೆ ಹತ್ತಲಿಲ್ಲ. ಹತ್ತಿದ್ದು ಚೇರ್ಮನ್ನರಿಗೆ, ಅದೂ ಬ್ಯಾರೇ ಮಾತು. "ಮಾಳಗಿ ಮ್ಯಾಲೆ ಹೆಸರು! ನಾಳೆನ ನಮ್ಮ ಸಾಲಿ ಮ್ಯಾಲೆ ಬರಸೂಣು!" ಅಂದ್ರು.

ನಮ್ಮ ಕಡೆ ಒಂದು ಪದ್ಧತಿ ಐತಿ. ಸಾಲಿಗೆ ಫ್ಯಾನ್ ಕೊಟ್ರ ಅದರ ರೆಕ್ಕಿ ಮ್ಯಾಲೆ ಕೊಟ್ಟವರ ಹೆಸರು ಇರಬೇಕು. ಗಡಿಯಾರ ಕೊಟ್ರ ಮುಳ್ಳಿಗಿಂತ ಹೆಸರು ದೊಡ್ಡದಿರಬೇಕು. ಚೇರ್ಮನ್ನರು ಪೇಂಟ್ ಕೊಟ್ರು, ಒಬ್ಬರು ಕುಂಚ ಕೊಟ್ರು, ಇನ್ನೊಬ್ಬರು ನಿಚ್ಚಣಿಕಿ ಕೊಟ್ರು. ಹದಿನೈದು ದಿನ ಬಿಟ್ಟು ನಾನೂ ಕಾಕಾನೂ ಮಾಳಗಿ ಹತ್ತಿ ನೋಡಿದ್ವಿ. ಚೇರ್ಮನ್ನರ ಹೆಸರು, ಅವರ ತಂದಿ ಹೆಸರು, ಅಡ್ಡಹೆಸರು, ಒಂದೊಂದು ಅಕ್ಷರ ಆಳೆತ್ತರ. ಆಮ್ಯಾಲೆ ಕುಂಚದವರು, ನಿಚ್ಚಣಿಕಿಯವರು. ಊರ ಹೆಸರು ಮಾತ್ರ ನೀರಿನ ಟಾಕಿ ಮಗ್ಗಲಕ ಒಂದು ಗೇಣಿನಷ್ಟು.

ಕಾಕಾ ನೋಡಿದ್ರು. "ಚಿಂತಿ ಬ್ಯಾಡ ಮಾಸ್ತರ," ಅಂದ್ರು. "ದಾರಿ ತಪ್ಪಿ ಬಂದ ಪೈಲಟ್‌ಗೆ ಊರು ಯಾವುದಂತ ತಿಳೀಲಿಕ್ಕಿಲ್ಲ. ನಿಚ್ಚಣಿಕಿ ಯಾರ ಮನ್ಯಾಗ ಸಿಗತೈತಿ ಅಂತ ತಿಳೀತೈತಿ!"

ಕೆಳಗಿದ್ದ ಮಂದಿ ಹೊಟ್ಟಿ ಹಿಡಕೊಂಡು ನಕ್ಕಿತು. ವಿಚಾರ ನನ್ನದು, ನಗೂ ಕಾಕಾನದು.

ಗಾಳಿಚೀಲ

ತೊಂಬತ್ತರ ದಶಕದಾಗ ಒಬ್ಬ ದೊಡ್ಡ ನಾಯಕರು ಸಭಾಕ್ಕ ಹೆಲಿಕಾಪ್ಟರಿನಾಗ ಬರೂದು ಗೊತ್ತಾತು. ಫ್ಯಾಕ್ಟರಿ ಮೈದಾನದಾಗ ಇಳಸೂ ವ್ಯವಸ್ಥಾ ಎಲ್ಲಾ ಕಾಕಾನ ಕೈಯಾಗ. ನನಗ ಏನು ಕೊಟ್ರು ಗೊತ್ತೇನ್ರಿ? ಹೊಲಗಿ ಕೆಲಸ! ಗಾಳಿ ಯಾವ ಕಡೆ ಬೀಸಾಕತ್ತೇತಿ ಅಂತ ಪೈಲಟ್‌ಗೆ ತೋರಸಾಕ ಕಂಬಕ್ಕ ಕಟ್ಟೂ ಉದ್ದನ್ನ ಅರಿವಿ ಚೀಲ ಹೊಲಿಸಿ ಕೊಡ್ರಿ ಅಂದ್ರು.

ಉರಕೋತ ಮನಿಗೆ ಬಂದೆ. ಬಟ್ಟಿ ಹುಡುಕಾಡೂವಾಗ ಹೆಂಡತಿಯ ಹೊಸಾ ಪರಕರ ಕಣ್ಣಿಗೆ ಬಿತ್ತು, ಸೀರಿ ಒಳಗ ಉಡೂದು. ಒಳ್ಳೇ ಕೇಸರಿ ಬಣ್ಣ, ಎರಡೂ ಕಡೆ ಬಾಯಿ ಮೊದಲ ಐತಿ. ಅಕಿ ತವರಮನಿಗೆ ಹೋಗಿದ್ಳು. ಎರಡು ಹೊಲಗಿ ಹಾಕಿಸಿ ಕೊಟ್ಟೆ.

ಸಭಾಕ್ಕ ವಾರ ಇರೂವಾಗ ಅದನ್ನ ಕಂಬಕ್ಕ ಏರಸಿದ್ರು. ಗಾಳಿ ತುಂಬಿ ಜಬರ್ದಸ್ತ್ ಹಾರಾಕ ಹತ್ತಿತು. ತುದ್ಯಾಗ ಬಿಳೀ ಲೇಸು. ತವರಿಂದ ಬಂದ ಹೆಂಡತಿಗೆ ಮಗ್ಗಲ ಮನಿಯಾಕಿ ಬಸ್ ಸ್ಟ್ಯಾಂಡಿನಾಗ ಹೇಳಿದ್ಳು, "ವೈನಿ, ನಿಪ್ಪಾಣಿ ಅಂಗಡ್ಯಾಗ ಅದೊಂದ ಪೀಸ್ ಉಳದಿತ್ತು, ನನಗ ಸಿಗಲಿಲ್ಲಂತ ಎಷ್ಟ್ ಸಂಕಟ ಪಟ್ಟಿದ್ನಿ. ಈಗ ನೋಡ್ರಿ, ಊರಿಗೇ ಕಾಣೂಹಂಗ ಆತು!"

ಹೆಂಡತಿ ಮೂರು ದಿನ ನನ್ನ ತಾಟಿಗೆ ಬರೇ ಒಣಾ ರೊಟ್ಟಿ ಹಾಕಿದ್ಳು. ನಾಕನೇ ದಿನ ಕೇಳಿದ್ಳು, "ಆ ಕಾಕಾ ತನ್ನ ಮನ್ಯಾಗಿಂದ ಒಂದು ಟವೆಲ್ಲರ ಕೊಟ್ಟಾನೇನ್ರಿ?"

ಆಹಾ! ನನ್ನ ಹೊಟ್ಟಿಕಿಚ್ಚಿಗೆ ಮನ್ಯಾಗ ಒಂದು ಜೋಡಿ ಸಿಕ್ಕಿತು.

ಎರಡು ಎಚ್

ಸಭಾ ದಿನ ಮುಂಜಾನೆ ಕಾಕಾ ಮೈದಾನದಾಗ ಸುಣ್ಣದಿಂದ ಒಂದು ವರ್ತುಲ, ಅದರ ನಡುವ ಇಂಗ್ಲಿಷ್ ಎಚ್ ಹಾಕಿದ್ರು. ಹೆಲಿಕಾಪ್ಟರ್ ಅಲ್ಲೇ ಇಳೀಬೇಕು. ನೋಡಿದೆ. ಒಂದು ಕಾಲು ಸೊಟ್ಟ ಕಾಣಿಸ್ತು. ಮಂದಿ "ವಾ ಕಾಕಾ" ಅನ್ನಾಕತ್ತಿತ್ತು.

ತಡಕೊಳ್ಳಾಕ ಆಗಲಿಲ್ಲ. ಎರಡು ಮೈಲು ದೂರದ ನಮ್ಮ ಸಾಲಿಗೆ ಬಂದೆ. ಸೂಟಿ ಇತ್ತು, ಹುಡುಗರಿರಲಿಲ್ಲ. ಸಾಲಿ ಸಿಪಾಯಿ ಒಬ್ಬನ ಇದ್ದ. ಗೂಟ ಬಡದು, ಹಗ್ಗ ಹಿಡದು, ಆಟದ ಮೈದಾನಕ್ಕ ಇಟ್ಟಿದ್ದ ಸುಣ್ಣ ಎಲ್ಲಾ ಸುರುವಿ, ಕಾಕಾನ ಎಚ್‌ಗಿಂತ ದುಪ್ಪಟ್ಟು ಎಚ್ ಹಾಕಿದೆ. ಸಭಾ ಮುಗಿಸಿ ಬರೂ ಮಂದಿ ನೋಡಲಿ, ಎಚ್ ಅಂದ್ರ ಹೆಂಗಿರಬೇಕು ಅಂತ. ಇಷ್ಟ ನನ್ನ ಮನಸಿನಾಗ ಇದ್ದದ್ದು.

ಸಿಪಾಯಿ ಅಂದ, "ಸರ, ಪೈಲಟ್‌ಗೆ ಜಾಗಾ ಕಾಣಾಕ ಹೊಗಿ ಬ್ಯಾಡೇನ್ರಿ? ಕಾಕಾ ಹಾಕ್ಯಾರಲ್ಲ."

"ಕಾಕಾ ಹಾಕಿದ್ರ ನಾವ್ಯಾಕ ಬಿಡೂಣು?" ಅಂತ ಹಸೀ ರವದಿ, ಅಂದ್ರ ಕಬ್ಬಿನ ಎಲಿ, ಎಲ್ಲಾ ಒಟ್ಟಿ ಬೆಂಕಿ ಕೊಟ್ಟೆ. ದಟ್ಟನ್ನ ಹೊಗಿ ಮ್ಯಾಲೆದ್ದಿತು.

ಚಿಕ್ಕೋಡಿ ಕಡೆಯಿಂದ ಹೆಲಿಕಾಪ್ಟರ್ ಬಂತು. ಚಿಮಣಿಗೆ ಒಂದು ಸುತ್ತು ಹಾಕಿತು. ಗಕ್ಕನ ತಿರುಗಿ ಸೀದಾ ನನ್ನ ಕಡೆ ಬಂತು! "ಬ್ಯಾಡೋ! ಅಲ್ಲಿ ಹೋಗೋ!" ಅಂತ ಎರಡೂ ಕೈ ಬೀಸಿದೆ. ಕರೀತಾನ ಅಂತ ತಿಳಕೊಂಡು ಪೈಲಟ್ ಇಳಿಸೇ ಬಿಟ್ಟ. ಸಿಪಾಯಿ ಓಡಿ ಹೋದ. ಸುಣ್ಣ ಎಲ್ಲಾ ಹಾರಿ ನನ್ನ ಮೈಮ್ಯಾಲೆ ಬಿತ್ತು.

ನಾಯಕರು ಇಳದ್ರು. ಹಾರ ಇಲ್ಲ, ಮಂದಿ ಇಲ್ಲ, ತಲಿಯಿಂದ ಕಾಲಿನ ತನಕ ಬೆಳ್ಳಗಾದ ನಾನೊಬ್ಬ. "ಸಭಾ ಎಲ್ಲೈತ್ರಿ?" ಅಂದ್ರು. ದೂರದ ಚಿಮಣಿಗೆ ಬಟ್ಟು ತೋರಿಸಿದೆ. ಹಾರ ಹಿಡಕೊಂಡ ಮಂದಿ ಕಬ್ಬಿನ ಹೊಲ ಹಾದು ಓಡಿ ಬರಾಕತ್ತಿತ್ತು.

ಎಲ್ಲರಕಿಂತ ಮೊದಲ ಜೀಪ್ ಬಂತು. ಜಿಲ್ಲಾದ ದೊಡ್ಡ ಅಧಿಕಾರಿ ಇಳದು, "ಯಾವನ್ರೀ ಇದನ್ನ ಹಾಕಿದಂವಾ?" ಅಂತ ಗದರಿಸಿದ್ರು. ನೌಕರಿ ಹೋತು ಅಂತ ಸುಣ್ಣದ ಕೈ ಎರಡೂ ಬೆನ್ನ ಹಿಂದ ಮುಚ್ಚಿಟಕೊಂಡೆ. ಆಗ ಹಿಂದಿನ ಸೀಟಿನಿಂದ ಕಾಕಾ ಇಳದ್ರು. ಎಚ್ ನೋಡಿದ್ರು, ನನ್ನ ನೋಡಿದ್ರು.

"ನಾನ ಹಾಕಿಸಿದ್ದು ಸಾಹೇಬ್ರ. ಚಿಮಣಿ ಹತ್ರ ಗಾಳಿ ಏರುಪೇರಾದ್ರ ಇಲ್ಲೊಂದು ಇರಲಿ ಅಂತ ಮಾಸ್ತರಿಗೆ ಹೇಳಿದ್ದೆ."

"ಅನುಭವ ಅಂದ್ರ ಇದು!" ಅಂದ್ರು ನಾಯಕರು. ಓಡಿ ಬಂದವರ ಕೈಯಾಗಿನ ಮೊದಲನೇ ಹಾರ ಇಸಕೊಂಡು ಕಾಕಾನ ಕೊರಳಿಗೆ ಹಾಕಿದ್ರು. ನನ್ನ ನೌಕರಿ ಉಳೀತು, ನನ್ನ ಎಚ್ ಹೋತು. ಯಾವುದಕ್ಕ ಅಳಬೇಕು ತಿಳೀಲಿಲ್ಲ.

ನಾಯಕರು ಜೀಪಿನಾಗ ಸಭಾಕ್ಕ ಹ್ವಾದ್ರು. ಹೆಡ್‌ಮಾಸ್ತರು, ಚೇರ್ಮನ್ನರು, ಅರ್ಧ ಊರು ದೂರ ನಿಂತು ನೋಡಾಕತ್ತಿದ್ರು. ಕಾಕಾ ನನ್ನ ಕಿವಿ ಹತ್ರ ಬಂದು ಮೆಲ್ಲಕ ಅಂದ್ರು, "ಮಾಸ್ತರ, ಖರೇ ಹೇಳ್ತೀನಿ. ನಿಮ್ಮ ಎಚ್ ನನ್ನದಕ್ಕಿಂತ ಛಲೋ ಆಗೇತಿ."

ಎಷ್ಟು ವರ್ಷ ಕಾದಿದ್ನಿರಿ ಈ ಮಾತಿಗೆ! ಆದ್ರ ನಾ ಒಬ್ಬನ ಕೇಳಿ ಏನ್ ಉಪಯೋಗ? "ಏನಂದ್ರಿ ಕಾಕಾ? ಕೇಳಲಿಲ್ಲ. ಸ್ವಲ್ಪ ಜೋರ್ ಹೇಳ್ರಿ!" ಅಂದೆ.

ಅದ ಹೊತ್ತಿಗೆ ಪೈಲಟ್ ಹೆಲಿಕಾಪ್ಟರ್ ಚಾಲೂ ಮಾಡಿದ. ಕಾಕಾ ಪಾಪ, ಒಳ್ಳೇ ಮನಷ್ಯಾ. ಮಾರಿ ಕೆಂಪು ಮಾಡಕೊಂಡು, ಎಚ್‌ನ ತೋರಿಸಿ, ನನ್ನ ತೋರಿಸಿ, ಕೈ ಎತ್ತೆತ್ತಿ ಗಂಟಲು ಹರಿಯೂಹಂಗ ಒದರಿದ್ರು. ಒಬ್ಬರಿಗೂ ಒಂದು ಅಕ್ಷರ ಕೇಳಲಿಲ್ಲ.

ಹೆಲಿಕಾಪ್ಟರ್ ಹೋದ ಮ್ಯಾಲೆ ಹೆಡ್‌ಮಾಸ್ತರು ಬಂದು ನನ್ನ ಹೆಗಲಿನ ಸುಣ್ಣ ಜಾಡಿಸಿದ್ರು.

"ಇರಲಿ ಬಿಡ್ರಿ ಮಾಸ್ತರ. ಹಿರೇರು ಬೈದಾರ, ಮನಸಿಗೆ ಹಚ್ಚಕೋಬ್ಯಾಡ್ರಿ."