ಅವ್ವನ ಕಲ್ಲು, ಅಕ್ಕನ ಮೊಣಕೈ

ನಮ್ಮ ಅಕ್ಕನ ನೆನಪು ಇರುವುದು ತಲೆಯಲ್ಲಲ್ಲ, ಬಲಗೈಯ ಮೊಣಕೈಯಲ್ಲಿ. ನಗಬೇಡಿ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೂ ಪರೀಕ್ಷೆ ಮಾಡದೆ ಇಂಥ ಮಾತು ಹೇಳುವವನಲ್ಲ.

ಬೀಸುಕಲ್ಲಿನ ಗೂಟ ಹಿಡಿದು ತಿರುವತೊಡಗಿದರೆ ಅಕ್ಕನ ಬಾಯಲ್ಲಿ ಮುಂಜಾನೆಯಿಂದ ಮಧ್ಯಾಹ್ನದ ತನಕ ಹಾಡಿದ ಪದ ಇನ್ನೊಂದು ಸಲ ಬರುವುದಿಲ್ಲ. ಕೈ ನಿಂತರೆ ಬಾಯೂ ನಿಂತಿತು. ಮದುವೆ ಮನೆಯಲ್ಲಿ ಹಾಡು ಎಂದರೆ ನೆಲದ ಮೇಲೆ ಬರಿಗೈ ಸುತ್ತುತ್ತಾಳೆ. ಗೊತ್ತಿಲ್ಲದ ಬೀಗರು, ಪಾಪ ಏನೋ ಕಳೆದುಕೊಂಡಿದ್ದಾಳೆ ಎಂದು ತಾವೂ ಚಾಪೆ ಎತ್ತಿ ನೋಡುತ್ತಾರೆ!

ಒಂದು ಸಲ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ನಮ್ಮ ಓಣಿಯಲ್ಲೇ ಇರುವ ಅವಳ ಮನೆಯಲ್ಲಿ ಎಂಟು ದಿನ ಪದವಿಲ್ಲ. ಒಂಬತ್ತನೇ ದಿನ ಎಡಗೈಯಿಂದ ಶುರು ಮಾಡಿದಳು. ಪದವೇನೋ ಬಂತು. ಆದರೆ ಬಲಗೈಯಲ್ಲಿ ಅತ್ತೆಯನ್ನು ಹೊಗಳುತ್ತಿದ್ದ ಪದ ಎಡಗೈಯಲ್ಲಿ ಬೈಯತೊಡಗಿತು.

"ಯಾಕಕ್ಕಾ, ಅತ್ತಿ ತೀರಿಹೋಗಿ ಎಷ್ಟೋ ವರ್ಷ ಆತಲ್ಲ?" ಎಂದೆ.

"ನಾ ಏನ್ ಮಾಡ್ಲಿ ತಮ್ಮಾ? ಎಡಗೈ ಖರೇ ಮಾತಾಡಾಕತ್ತದ."

ನಮ್ಮ ಕೊಳಕೂರಿನ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಹೆಡ್‌ಮಾಸ್ತರರು ಅವಳನ್ನು ಕರೆಸಿದರು.

"ದೇಶದ ಮ್ಯಾಲಿನ ಒಂದು ಪದ ಹಾಡ್ರಿ ಅಕ್ಕಾರ."

"ಹಾಡ್ತೇನ್ರಿ. ದೇಶ ಎಲ್ಲಿಂದ ಸುರು ಮಾಡ್ಲಿ?"

ಅಕ್ಕ ಧ್ವಜದ ಕಟ್ಟೆಯ ಕೆಳಗೆ ಕುಳಿತು, ಕೈ ಸುತ್ತುತ್ತ, ನಮ್ಮ ಮನೆಯ ಅಂಗಳದ ಬೇವಿನ ಮರದಿಂದಲೇ ಶುರು ಮಾಡಿದಳು. ಬೇವಿಗೆ ಶರಣು, ಬಾವಿಗೆ ಶರಣು, ಜೇವರ್ಗಿಯ ಸಂತೆಗೆ ಶರಣು. ಭೀಮಾ ನದಿ ದಾಟಿ ಅಫಜಲಪುರದ ಹೊಲಗಳಿಗೆ ಶರಣು. ಒಂದೊಂದು ಊರಿಗೂ ಒಂದೊಂದು ಪದ. ಗುಡಿಯೂ ಬಂತು, ಗಾಣವೂ ಬಂತು, ಆಳಂದದ ದರ್ಗಾದ ದೀಪವೂ ಬಂತು. ಹುಡುಗರ ಕಣ್ಣು ಮಾತ್ರ ಬೂಂದಿಯ ಬುಟ್ಟಿಯ ಮೇಲೆ. ಬಿಸಿಲು ನೆತ್ತಿಗೆ ಬಂದಾಗ ಅಕ್ಕ ಕೈ ನಿಲ್ಲಿಸಿ ಹೇಳಿದಳು: "ಮಾಸ್ತರ್, ಈಗ ಆಳಂದ ದಾಟೇನಿ. ದಿಲ್ಲಿ ಇನ್ನಾ ದೂರ ಅದ. ಹುಡುಗರಿಗಿ ಬೂಂದಿ ಕೊಟ್ಟುಬಿಡ್ರಿ."

ನಾನು ದೇಶವನ್ನು ಶಾಲೆಯ ಗೋಡೆಯ ನಕಾಶೆಯಲ್ಲಿ ಕಂಡಿದ್ದೆ. ಅದು ನಮ್ಮ ಬೇವಿನ ಬುಡದಿಂದಲೇ ಶುರುವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅವಳ ಇನ್ನೊಂದು ಹುಚ್ಚು. ನನ್ನದು ಹಿಟ್ಟಿನ ಗಿರಣಿ. ಬಾಗಿಲಿಗೆ ಒಂದು ಮೆಟ್ಟಿಲು ಇತ್ತು. ಊರೆಲ್ಲ ಅದನ್ನು ತುಳಿದೇ ಒಳಗೆ ಬರುತ್ತಿತ್ತು. ಅಕ್ಕ ಮಾತ್ರ ಸೀರೆ ಎತ್ತಿ ಮೇಕೆಯ ಹಾಗೆ ಹಾರಿ ಬರುತ್ತಿದ್ದಳು. ಅರವತ್ತು ದಾಟಿದ ಮೇಲೂ! ಜೋಳ ಬೀಸಿಸಲು ಬಂದವರು ಅದನ್ನು ನೋಡಲೆಂದೇ ನಿಲ್ಲುತ್ತಿದ್ದರು. ನಾನೂ ನಗುತ್ತಿದ್ದೆ.

ಬೂಂದಿಯ ದಿನದ ಮೇಲೆ ಹೆಡ್‌ಮಾಸ್ತರರು ದಿನಾ ಸಂಜೆ ಶಾಲೆ ಮುಗಿಸಿ, ಪದ ಬರೆದುಕೊಳ್ಳಲು ಅಕ್ಕನ ಮನೆಗೆ ನೋಟ್‌ಬುಕ್ ತರತೊಡಗಿದರು.

"ಇದು ದೇಶದ ಆಸ್ತಿರಿ ಅಕ್ಕಾರ."

"ದೇಶದ ಆಸ್ತಿ ನನ್ನ ಅಡಗಿ ಮನ್ಯಾಗ ಯಾಕ ಬಿದ್ದದರಿ ಮತ್ತ?"

ಆದರೂ ಹಾಡಿದಳು. ಎರಡು ನೋಟ್‌ಬುಕ್ ತುಂಬಿದವು. ಉಳಿದದ್ದು ನಮ್ಮ ಅವ್ವ ತಾನೇ ಕಟ್ಟಿದ ಒಂದು ಪದ. ಅದು ಮೊದಲ ನುಡಿಗೇ ನಿಂತುಬಿಡುತ್ತಿತ್ತು. ಅಕ್ಕ ನಾಲ್ಕು ಸಂಜೆ ತಿರುವಿದಳು. ಮುಂದಿನ ನುಡಿ ಬರಲಿಲ್ಲ.

"ನನ್ನ ಕಲ್ಲು ಹಗುರ ಅದರಿ ಮಾಸ್ತರ್. ಅವ್ವನ ಕಲ್ಲು ಭಾರ ಇತ್ತು. ಆ ಭಾರಕ್ಕs ಅದು ಬರ್ತಿತ್ತು. ಇನ್ನ ಅದು ಹೋದಂಗ" ಎಂದಳು. ಅಷ್ಟು ಪದ ಬಲ್ಲವಳ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ನಾನು ಪಕ್ಕದಲ್ಲೇ ಕುಳಿತಿದ್ದೆ. ಅವ್ವ ತೀರಿಕೊಂಡ ವರ್ಷ ಅಕ್ಕ ಆ ಕಲ್ಲನ್ನು ಕೇಳಿದ್ದಳು. ಒಡೆದುಹೋಯಿತು ಎಂದಿದ್ದೆ. ಸುಳ್ಳು. ಗಿರಣಿ ಇಟ್ಟವನ ಮನೆಯಲ್ಲೇ ಬೀಸುಕಲ್ಲು ಇದ್ದರೆ ಜನ ನಗುತ್ತಾರೆಂದು, ಗೂಟ ಕಿತ್ತು, ಎರಡೂ ಕಲ್ಲನ್ನು ಒಂದರ ಮೇಲೊಂದು ಇಟ್ಟು, ಸುತ್ತ ಸಿಮೆಂಟ್ ಬಳಿದು, ಗಿರಣಿಯ ಬಾಗಿಲಿಗೆ ಮೆಟ್ಟಿಲು ಮಾಡಿದ್ದೆ.

ಮರುದಿನ ಗಿರಣಿ ಬಂದ್ ಇಟ್ಟೆ. ಹಾರೆ ಹಾಕಿ ಕಲ್ಲು ಎಬ್ಬಿಸಿ, ತೊಳೆದು, ಹೆಗಲ ಮೇಲೆ ಒಂದೊಂದಾಗಿ ಅಕ್ಕನ ಮನೆಗೆ ಹೊತ್ತೆ. ಮಾಸ್ತರರ ಮುಂದೆಯೇ ಎಲ್ಲ ಹೇಳಿದೆ.

ಅಕ್ಕ ಕಲ್ಲಿನ ಮೇಲೆ ಅಂಗೈ ಇಟ್ಟಳು. "ಗೊತ್ತದ ತಮ್ಮಾ" ಎಂದಳು. "ಇಲ್ಲಂದ್ರ ನಾ ಈ ವಯಸ್ಸಿನ್ಯಾಗ ಯಾಕ ಹಾರ್ತಿದ್ದೆ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಮುಂದೆ ಕುಳಿತಳು.

"ನಿಂತೇನ್ ನೋಡ್ತಿ? ಗೂಟ ಬಡಿ. ಕುಂದ್ರು ಎದುರಿಗಿ. ಇದಕ್ಕ ಇಬ್ರು ಬೇಕು. ಮೆಲ್ಲಕ ತಿರುವಲೇ, ಇದು ಕರೆಂಟಿನ ಮ್ಯಾಲೆ ನಡಿಯಂಗಿಲ್ಲ."

ಒಂದೇ ಗೂಟಕ್ಕೆ ಇಬ್ಬರ ಕೈ. ಅಕ್ಕ ಒಂದು ಹಿಡಿ ಜೋಳ ಹಾಕಿದಳು. ಮೊದಲ ನುಡಿ ಮುಗಿಯಿತು. ಕಲ್ಲು ಗುಡುಗುಡು ಎಂದು ಇನ್ನೊಂದು ಸುತ್ತು ಬಂತು. ಅವಳು ಕಣ್ಣು ಮುಚ್ಚಿದಳು.

ತೊಡಿಯ ಮ್ಯಾಲಿನ ಕೂಸು ನಿದ್ದ್ಯಾಗ ನಕ್ಕಾನ
ಮೆಲ್ಲಕ ತಿರುಗವ್ವ ಕರಿಗಲ್ಲ | ನನ ಮಗ
ದೊಡ್ಡಾವನಾಗಿ ನಿನ್ನ ಹೊತ್ತಾನ

ಮಾಸ್ತರರು ಬರೆದುಕೊಂಡು, "ಈ ಕೂಸು ಯಾರ್ರಿ ಅಕ್ಕಾರ?" ಎಂದರು.

ಅಕ್ಕ ಗದ್ದದಿಂದ ನನ್ನನ್ನು ತೋರಿಸಿದಳು. "ಇವನs. ಇವತ್ತ ಹೊತ್ತು ತಂದಾನ. ಅದನ್ನೂ ಬರ್ಕೋರಿ."

ಕಲ್ಲಿನಲ್ಲಿ ಜೋಳ ಮುಗಿದು ಎಷ್ಟೋ ಹೊತ್ತಾಗಿತ್ತು. ನಾನು ಗೂಟ ಬಿಡಲಿಲ್ಲ.